ಚಳಿಗಾಲದ ಗುಡುಗು ಮೋಡ ಬಂದಾಗ ವಿಕಿರಣ ಮೀಟರ್ ಯಾಕೆ ಏರಿತು?

ಓದುಗರ ಪ್ರಶ್ನೆ:

"ಮೇಡಂ, ನಮಸ್ಕಾರ. ಕೆಲಸದ ಮೇಲೆ ಜಪಾನಿನ ಕನಾಜಾವಾ ನಗರಕ್ಕೆ ಬಂದು ಒಂದೂವರೆ ವರ್ಷವಾಯಿತು. ನನ್ನ ಹೆಂಡತಿ ಈಗ ಐದು ತಿಂಗಳ ಬಸುರಿ. ಮಗಳಿಗೆ ನಾಲ್ಕು ವರ್ಷ. ಸಮುದ್ರದ ಕಡೆಗಿರುವ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿದ್ದೇವೆ. ಕುತೂಹಲಕ್ಕೆಂದು ಒಂದು ಪುಟ್ಟ ಗೈಗರ್ ಮೀಟರ್ ತಂದು ಬಾಲ್ಕನಿಯಲ್ಲಿ ಇಟ್ಟಿದ್ದೇನೆ. ಅದರ ಲೆಕ್ಕ ಫೋನಿನಲ್ಲಿ ದಾಖಲಾಗುತ್ತದೆ. ಮಾಮೂಲಿ ದಿನ ನಿಮಿಷಕ್ಕೆ ಸುಮಾರು 16 ಎಣಿಕೆ, ಅಂದರೆ ಮೈಗೆ ತಗಲುವ ವಿಕಿರಣದ ಅಳತೆಯಲ್ಲಿ ಗಂಟೆಗೆ 0.05 ಮೈಕ್ರೋಸೀವರ್ಟ್ ತೋರಿಸುತ್ತದೆ. ಜನವರಿಯ ಒಂದು ರಾತ್ರಿ ಎರಡು ಗಂಟೆಗೆ ಬಿಳಿ ಕಾಳಿನಂಥ ಹಿಮ ಪಟಪಟ ಉದುರಿತು. ಎರಡು ನಿಮಿಷ ಎಣಿಕೆ 38ರ ಹತ್ತಿರ ಇತ್ತು, ಅಂದರೆ 0.12. ಆಮೇಲೆ ಮನೆ ನಡುಗುವಂಥ ಒಂದೇ ಒಂದು ಸಿಡಿಲು. ಅದರ ಹಿಂದೆಯೇ ಮೀಟರ್ ಮತ್ತೆ 16ಕ್ಕೆ ಇಳಿಯಿತು. ನಾಲ್ಕು ದಿನ ಬಿಟ್ಟು ಜೋರು ಮಳೆ ಬಂದಾಗ 0.08ಕ್ಕೆ ಏರಿ ಒಂದು ಗಂಟೆಗೂ ಜಾಸ್ತಿ ಇಳಿಯಲೇ ಇಲ್ಲ. ಆ ದಿನ ಗುಡುಗು ಇರಲಿಲ್ಲ. ಇಲ್ಲಿನ ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಅಣುಸ್ಥಾವರ ಸೋರಿರಬೇಕು ಎಂದರು. ಇನ್ನೊಬ್ಬರು ಸಿಡಿಲಿನಿಂದ ಹಿಮಕ್ಕೆಲ್ಲ ವಿಕಿರಣ ಹತ್ತುತ್ತದೆ, ಮಗುವನ್ನು ಆಡಲು ಬಿಡಬೇಡಿ ಎಂದರು. ಹೆಂಡತಿಯನ್ನು ಹೆರಿಗೆಯವರೆಗೆ ಊರಿಗೆ ಕಳಿಸಿಬಿಡಲೇ ಎಂದು ಯೋಚಿಸುತ್ತಿದ್ದೇನೆ. ಇದು ನಿಜಕ್ಕೂ ಏನು?"

ಉತ್ತರ:

ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುವ ಮಾತು ಹೇಳುತ್ತೇನೆ. ಆ ರಾತ್ರಿ ನಿಮ್ಮ ಬಾಲ್ಕನಿಗೆ ಮಾಮೂಲಿಗಿಂತ ಜಾಸ್ತಿ ಬಂದ ವಿಕಿರಣ ಎಷ್ಟು ಗೊತ್ತಾ? ಗಂಟೆಗೆ 0.07 ಮೈಕ್ರೋಸೀವರ್ಟಿನಂತೆ ಎರಡು ನಿಮಿಷಕ್ಕೆ ಲೆಕ್ಕ ಹಾಕಿ. ಸುಮಾರು 0.0023 ಮೈಕ್ರೋಸೀವರ್ಟ್ ಆಗುತ್ತದೆ. ಅದೇ ಬಾಲ್ಕನಿಯಲ್ಲಿ ಬಿಸಿಲಿರುವ ದಿನ ಮೂರು ನಿಮಿಷ ಸುಮ್ನೆ ಕೂತರೂ ನೆಲದಿಂದ, ಗೋಡೆಯಿಂದ, ಆಕಾಶದಿಂದ ಅಷ್ಟೇ ಬರುತ್ತದೆ. ನಿಮ್ಮ ಹೆಂಡತಿಗಾಗಲಿ, ಹೊಟ್ಟೆಯಲ್ಲಿರುವ ಮಗುವಿಗಾಗಲಿ, ಮಗಳಿಗಾಗಲಿ ಇದರಿಂದ ಏನೂ ಆಗಿಲ್ಲ.

ಹಾಗಂತ ನೀವು ಕಂಡದ್ದು ಭ್ರಮೆಯಲ್ಲ. ಮೀಟರಿನ ದೋಷವೂ ಅಲ್ಲ. ನಿಮಿಷಕ್ಕೆ 16 ಎಣಿಕೆ ಬರುವ ಕಡೆ ನಾಲ್ಕೈದು ಹೆಚ್ಚು ಕಡಿಮೆ ಆಗುವುದು ಸಹಜ. 38 ಆಗುವುದು, ಅದೂ ಸತತ ಎರಡು ನಿಮಿಷ, ಆಕಸ್ಮಿಕ ಅಲ್ಲ. ಏರಿದ ರೀತಿ, ಸಿಡಿಲಿನ ಜೊತೆ ಕತ್ತರಿಸಿದ ಹಾಗೆ ನಿಂತ ರೀತಿ ನೋಡಿದರೆ, ನಿಮ್ಮ ತಲೆಯ ಮೇಲೆ ಹಾದುಹೋದ ಮೋಡವೇ ಗಾಮಾ ಕಿರಣ, ಅಂದರೆ ಎಕ್ಸ್-ರೇಗಿಂತ ಹೆಚ್ಚು ಶಕ್ತಿಯ ಕಿರಣ, ಬೀರುತ್ತಿತ್ತು. ಇದಕ್ಕೆ ನಾವು ಗಾಮಾ ಗ್ಲೋ ಎನ್ನುತ್ತೇವೆ. ಕಣ್ಣಿಗೆ ಕಾಣದ ಹೊಳಪು. ಇದನ್ನು ನೆಲದ ಮೇಲೆ ನಿಂತು, ಸಮುದ್ರ ಮಟ್ಟದಲ್ಲೇ ಮತ್ತೆ ಮತ್ತೆ ನೋಡಲು ಸಿಗುವ ಜಾಗಗಳು ಪ್ರಪಂಚದಲ್ಲಿ ಬಹಳ ಕಡಿಮೆ. ನೀವಿರುವ ಕರಾವಳಿ ಅದರಲ್ಲಿ ಮುಖ್ಯವಾದದ್ದು. ನಾನು ಆ ಕರಾವಳಿಯಲ್ಲಿ ಡಿಟೆಕ್ಟರ್ ಇಟ್ಟುಕೊಂಡು ಆರು ಚಳಿಗಾಲ ಕಳೆದಿದ್ದೇನೆ. ನಿಮ್ಮ ಪತ್ರ ಓದಿ ನನಗಂತೂ ಆ ಬಿಳಿ ಕಾಳುಗಳ ಪಟಪಟ ಸದ್ದು ಕಿವಿಯಲ್ಲಿ ಕೇಳಿಸಿತು.

ನಾಲ್ಕು ದಿನದ ನಂತರದ ಮಳೆಯ ಏರಿಕೆಯದು ಬೇರೆಯೇ ಕತೆ. ಅದನ್ನು ಮೊದಲು ಮುಗಿಸಿಬಿಡೋಣ.

ಎರಡು ಏರಿಕೆ, ಎರಡು ಕಾರಣ

ಮಣ್ಣಿನಿಂದ, ಕಲ್ಲಿನಿಂದ ರೇಡಾನ್ ಎಂಬ ಅನಿಲ ಸದಾ ಹೊರಬರುತ್ತಿರುತ್ತದೆ. ಅದು ಗಾಳಿಯಲ್ಲಿ ಒಡೆದು ಸೀಸ-214, ಬಿಸ್ಮತ್-214 ಎಂಬ ಕಣಗಳಾಗುತ್ತದೆ. ಇವು ಧೂಳಿಗೆ ಅಂಟಿಕೊಂಡು ಮೋಡದಲ್ಲಿ ತೇಲುತ್ತಿರುತ್ತವೆ. ಜೋರು ಮಳೆ ಬಂದರೆ ಎಲ್ಲ ತೊಳೆದುಕೊಂಡು ಕೆಳಗಿಳಿಯುತ್ತವೆ. ಬಾಲ್ಕನಿಯ ನೆಲ, ಕಂಬಿ, ಛಾವಣಿ ಎಲ್ಲ ಕಡೆ ಕೂರುತ್ತವೆ. ಸೀಸ-214ರ ಅರ್ಧಾಯು, ಅಂದರೆ ಅರ್ಧದಷ್ಟು ಒಡೆದು ಮುಗಿಯಲು ಹಿಡಿಯುವ ಹೊತ್ತು, ಸುಮಾರು 27 ನಿಮಿಷ, ಬಿಸ್ಮತ್-214ರದು ಸುಮಾರು 20. ಅದಕ್ಕೇ ಮೀಟರ್ ನಿಧಾನ ಏರುತ್ತದೆ, ಮಳೆ ನಿಂತ ಮೇಲೂ ನಿಧಾನ ಇಳಿಯುತ್ತದೆ. ಎರಡು ಮೂರು ಗಂಟೆಯಲ್ಲಿ ಎಲ್ಲ ಮಾಮೂಲು. ಇದು ಮಳೆ ಬರುವ ಎಲ್ಲ ಊರಿನಲ್ಲೂ ಆಗುತ್ತದೆ. ಮೀಟರ್ ಇಲ್ಲದವರಿಗೆ ಗೊತ್ತಾಗುವುದಿಲ್ಲ, ಅಷ್ಟೇ.

ಇದರಲ್ಲಿ ನಾನೂ ಎಡವಿದ್ದೇನೆ. ಮೊದಲ ಚಳಿಗಾಲ, ರಾತ್ರಿ ಮೂರು ಗಂಟೆ. ಪರದೆಯ ಮೇಲೆ ಗೆರೆ ಮೇಲೇರುತ್ತಿತ್ತು. ಗ್ಲೋ ಸಿಕ್ಕಿತು ಎಂದು ಹಿರಿಯರೊಬ್ಬರನ್ನು ಎಬ್ಬಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಮೂರು ಮೆಗಾ ಎಲೆಕ್ಟ್ರಾನ್‌ವೋಲ್ಟ್ ಮೇಲೆ ಏನಿದೆ ನೋಡಮ್ಮ." ಮೆಗಾ ಎಲೆಕ್ಟ್ರಾನ್‌ವೋಲ್ಟ್ ಅಂದರೆ ಕಿರಣದ ಶಕ್ತಿಯ ಅಳತೆ. ನೋಡಿದೆ. ಖಾಲಿ. ಕೆಳಗಿನ ಶಕ್ತಿಯಲ್ಲಷ್ಟೇ ಗೆರೆ ಉಬ್ಬಿತ್ತು. ರೇಡಾನಿನ ಮಕ್ಕಳು ಮೂರು ಮೆಗಾ ಎಲೆಕ್ಟ್ರಾನ್‌ವೋಲ್ಟ್ ದಾಟಿ ಕಿರಣ ಬೀರುವುದಿಲ್ಲ. ಮೋಡದ ಗ್ಲೋ ಮಾತ್ರ 10, 20ರವರೆಗೂ ಹೋಗುತ್ತದೆ. ಅವತ್ತಿನಿಂದ ನಾನು ಮೊದಲು ನೋಡುವುದು ಆ ಮೇಲಿನ ಪಟ್ಟಿಯನ್ನೇ. ನಿಮ್ಮ ಗೈಗರ್ ಮೀಟರ್ ಶಕ್ತಿಯನ್ನು ಅಳೆಯುವುದಿಲ್ಲ, ಬರೀ ಎಣಿಸುತ್ತದೆ. ಹಾಗಾಗಿ ನಿಮಗಿರುವ ಸುಳಿವು ಗೆರೆಯ ಆಕಾರ ಒಂದೇ. ಒಂದೆರಡು ನಿಮಿಷದ ಗುಡ್ಡವಾದರೆ ಮೋಡ. ಗಂಟೆಗಟ್ಟಲೆ ಎಳೆಯುವ ಇಳಿಜಾರಾದರೆ ಮಳೆಯ ರೇಡಾನ್.

ಅಣುಸ್ಥಾವರದ ಮಾತು. ಸೋರಿಕೆಯಾದರೆ ಅದು ಸಿಡಿಲು ಹೊಡೆದ ಕ್ಷಣ ನಿಲ್ಲುವುದಿಲ್ಲ, ಅಲ್ವಾ? ಗಾಳಿಯ ದಿಕ್ಕಿನಲ್ಲಿರುವ ಹತ್ತಾರು ಮಾಪನ ಕೇಂದ್ರಗಳಲ್ಲಿ ಏರಿ, ಗಂಟೆ, ದಿನಗಟ್ಟಲೆ ಉಳಿಯುತ್ತದೆ. ಆದರೆ ಗುಂಪಿನವರಿಗೆ ಆ ಯೋಚನೆ ಬಂದದ್ದರಲ್ಲಿ ತಪ್ಪಿಲ್ಲ. ಈ ವಿದ್ಯಮಾನ ಬೆಳಕಿಗೆ ಬಂದ ಬಗೆಯಲ್ಲೇ ಅಣುಸ್ಥಾವರಗಳ ನಂಟಿದೆ. ಸ್ಥಾವರದ ಬೇಲಿಯ ಸುತ್ತ ಹಗಲೂ ರಾತ್ರಿ ವಿಕಿರಣ ಅಳೆಯುವ ಪೆಟ್ಟಿಗೆಗಳಿರುತ್ತವೆ. 1997ರ ಜನವರಿಯಲ್ಲಿ ಫುಕುಯಿ ಪ್ರಾಂತ್ಯದ ಮೊಂಜು ರಿಯಾಕ್ಟರಿನ ಸುತ್ತಲಿನ ಪೆಟ್ಟಿಗೆಗಳು ಗುಡುಗು ಮೋಡದ ಹೊತ್ತಿನಲ್ಲಿ ಏರಿದವು. ಕಾರಣ ಹುಡುಕಿದಾಗ ಅದು ರಿಯಾಕ್ಟರಿನದಲ್ಲ, ಆಕಾಶದ್ದು ಎಂದು ಗೊತ್ತಾಯಿತು. 2006ರ ಡಿಸೆಂಬರಿನಲ್ಲಿ ನಿಗಾಟಾ ಪ್ರಾಂತ್ಯದ ಕಶಿವಾಜಾಕಿ-ಕಾರಿವಾ ಸ್ಥಾವರದ ಆವರಣದಲ್ಲಿ ಇದಕ್ಕೆಂದೇ ಡಿಟೆಕ್ಟರ್ ಇಟ್ಟರು. ಗ್ರೋತ್ ಎಂಬ ಹೆಸರಿನ ಪ್ರಯೋಗ ಅದು. ಒಂದೇ ತಿಂಗಳಲ್ಲಿ, 2007ರ ಜನವರಿ 6ರಂದು, ಸುಮಾರು 40 ಸೆಕೆಂಡು ಗಾಮಾ ಕಿರಣ ಬಂತು. ಶಕ್ತಿ 10 ಮೆಗಾ ಎಲೆಕ್ಟ್ರಾನ್‌ವೋಲ್ಟ್‌ವರೆಗೆ ಇತ್ತು. ಅಲ್ಲಿಂದ ಈ ಕೆಲಸ ಬೆಳೆಯಿತು.

ಚಳಿಗಾಲದಲ್ಲೇ ಯಾಕೆ, ಅಲ್ಲೇ ಯಾಕೆ

ಇದು ನೀವು ನೇರವಾಗಿ ಕೇಳದ, ಆದರೆ ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಬೇಸಿಗೆಯ ಗುಡುಗು ಮೋಡ ಚಳಿಗಾಲದ್ದಕ್ಕಿಂತ ಎಷ್ಟೋ ದೊಡ್ಡದು. 12ರಿಂದ 15 ಕಿಲೋಮೀಟರ್ ಎತ್ತರ ಬೆಳೆಯುತ್ತದೆ. ಚಳಿಗಾಲದ ಮೋಡ ಅದರ ಮುಂದೆ ಕುಳ್ಳ. ತಲೆ ಐದಾರು ಕಿಲೋಮೀಟರ್ ಮುಟ್ಟಿದರೆ ಹೆಚ್ಚು. ಹಾಗಾದರೆ ಚಿಕ್ಕ ಮೋಡದಿಂದ ನೆಲಕ್ಕೆ ವಿಕಿರಣ ಬಂದು, ದೊಡ್ಡ ಮೋಡದಿಂದ ಬರುವುದಿಲ್ಲ ಯಾಕೆ? ಉತ್ತರ ಶಕ್ತಿಯಲ್ಲಿಲ್ಲ, ಎತ್ತರದಲ್ಲಿದೆ.

ಚಳಿಗಾಲದಲ್ಲಿ ಸೈಬೀರಿಯಾದ ಮೇಲೆ ತಣ್ಣಗಿನ, ಒಣ, ಭಾರದ ಗಾಳಿ ಕೂಡಿರುತ್ತದೆ. ಅದು ವಾಯವ್ಯದಿಂದ ಜಪಾನಿನ ಕಡೆ ಹರಿಯುತ್ತದೆ. ನಡುವೆ ಜಪಾನ್ ಸಮುದ್ರ. ಅದರಲ್ಲಿ ದಕ್ಷಿಣದಿಂದ ತ್ಸುಶಿಮಾ ಎಂಬ ಬೆಚ್ಚನೆಯ ಪ್ರವಾಹ ಬರುತ್ತದೆ. ಜನವರಿಯಲ್ಲೂ ನಿಮ್ಮ ಕರಾವಳಿಯ ನೀರಿನ ಮೇಲ್ಮೈ 10 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಅದರ ಮೇಲೆ ಸೊನ್ನೆಗಿಂತ ಎಷ್ಟೋ ಕೆಳಗಿನ ಗಾಳಿ ಬೀಸಿದರೆ ಏನಾಗುತ್ತದೆ? ಒಲೆಯ ಮೇಲಿಟ್ಟ ಪಾತ್ರೆಯ ಹಾಗೆ. ಕೆಳಗಿನಿಂದ ಕಾವು, ತೇವ ಎರಡೂ ಏರುತ್ತವೆ. ಬೆಳಗ್ಗೆ ನಿಗಾಟಾದ ದಡದಲ್ಲಿ ನಿಂತರೆ ನೀರಿನಿಂದ ಹೊಗೆ ಏಳುವುದನ್ನು ಕಣ್ಣಾರೆ ನೋಡಬಹುದು. ಉಪಗ್ರಹ ಚಿತ್ರದಲ್ಲಿ ಸಮುದ್ರದ ಮೇಲೆ ಬಾಚಣಿಗೆಯಲ್ಲಿ ಬಾಚಿದ ಹಾಗೆ ಮೋಡದ ಸಾಲುಗಳು ಕಾಣುತ್ತವೆ. ಗಾಳಿಯ ಎರಡು ಕವಲು ಒಂದಕ್ಕೊಂದು ಸೇರುವ ಪಟ್ಟಿಯಲ್ಲಿ ಮೋಡ ಇನ್ನೂ ದಪ್ಪವಾಗುತ್ತದೆ. ಆ ಪಟ್ಟಿ ಹೊಕುರಿಕು ಕರಾವಳಿಗೆ, ಅಂದರೆ ಫುಕುಯಿ, ಇಶಿಕಾವಾ, ತೊಯಾಮಾ, ನಿಗಾಟಾ ಕಡೆಗೆ ಬಂದು ಬಡಿದರೆ ಹಿಮ, ಗುಡುಗು ಎರಡೂ ಒಟ್ಟಿಗೆ. ಈ ಮೋಡಕ್ಕೆ ಬಿಸಿಲು ಬೇಕಿಲ್ಲ, ಸಮುದ್ರ ಸಾಕು. ಹಾಗಾಗಿ ರಾತ್ರಿ ಎರಡು ಗಂಟೆಗೂ ಗುಡುಗುತ್ತದೆ. ಕನಾಜಾವಾದಲ್ಲಿ ವರ್ಷಕ್ಕೆ ಸರಾಸರಿ 40ಕ್ಕಿಂತ ಜಾಸ್ತಿ ದಿನ ಗುಡುಗು ಕೇಳುತ್ತದೆ. ಜಪಾನಿನಲ್ಲೇ ಅದು ಮೊದಲು.

ಅಲ್ಲಿನ ಮೀನುಗಾರರು ಡಿಸೆಂಬರಿನ ಗುಡುಗಿಗೆ ಬುರಿ-ಒಕೊಶಿ ಎನ್ನುತ್ತಾರೆ. ಬುರಿ ಎಂಬ ಮೀನನ್ನು ಎಬ್ಬಿಸುವ ಗುಡುಗು ಎಂದು ಅರ್ಥ. ಅದು ಕೇಳಿದರೆ ಮೀನಿನ ಕಾಲ ಶುರು.

ಈಗ ಮೋಡದ ಒಳಗೆ ಹೋಗೋಣ. ನಿಮ್ಮ ಬಾಲ್ಕನಿಯಲ್ಲಿ ಉದುರಿದ ಬಿಳಿ ಕಾಳಿಗೆ ಅಲ್ಲಿ ಅರಾರೆ ಎನ್ನುತ್ತಾರೆ. ಕಪ್ಪು ಜಾಕೆಟ್ಟಿನ ತೋಳಿನ ಮೇಲೆ ಒಂದು ಬಿದ್ದರೆ ಹತ್ತಿರದಿಂದ ನೋಡಿ. ಸಬ್ಬಕ್ಕಿ ಗಾತ್ರ. ಹಿಮದ ಹಾಗೆ ಆರು ಎಸಳು ಇರುವುದಿಲ್ಲ. ಆಲಿಕಲ್ಲಿನ ಹಾಗೆ ಗಾಜಿನ ಗಟ್ಟಿಯೂ ಅಲ್ಲ. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಹೆಪ್ಪುಗಟ್ಟದ ನೀರಿನ ಸಣ್ಣ ಹನಿಗಳು ಒಂದರ ಮೇಲೊಂದು ಅಂಟಿ ಆದ ಕಾಳು ಅದು. ಮೋಡದಲ್ಲಿ ಈ ಕಾಳು ಕೆಳಗಿಳಿಯುವಾಗ ಮೇಲೇರುವ ಹಗುರ ಹಿಮದ ಹರಳುಗಳಿಗೆ ಉಜ್ಜುತ್ತದೆ. ಉಜ್ಜಿದಾಗ ವಿದ್ಯುತ್ ಹಂಚಿಹೋಗುತ್ತದೆ. ಇಲ್ಲಿ ಒಂದು ಚಮತ್ಕಾರವಿದೆ. ಸುಮಾರು ಮೈನಸ್ 10 ಡಿಗ್ರಿಗಿಂತ ತಣ್ಣಗಿನ ಜಾಗದಲ್ಲಿ ಕಾಳಿಗೆ ಋಣ ವಿದ್ಯುತ್ ಬರುತ್ತದೆ. ಅದಕ್ಕಿಂತ ಬೆಚ್ಚಗಿದ್ದರೆ ಧನ. 1978ರಲ್ಲಿ ತಾಕಾಹಾಶಿ ಎಂಬ ವಿಜ್ಞಾನಿ ಪ್ರಯೋಗಾಲಯದಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಇದರಿಂದ ಮೋಡದಲ್ಲಿ ಮೂರು ಪದರ ಆಗುತ್ತದೆ. ತುದಿಯಲ್ಲಿ ಧನ, ನಡುವೆ ಋಣ, ತಳದಲ್ಲಿ ಮತ್ತೊಂದು ಸಣ್ಣ ಧನ.

ಈ ನಡುವಿನ ಋಣ ಮತ್ತು ತಳದ ಧನ ಪದರದ ನಡುವೆಯೇ ನಿಮ್ಮ ಗಾಮಾ ಕಿರಣ ಹುಟ್ಟಿದ್ದು. ಎಲೆಕ್ಟ್ರಾನಿಗೆ ಋಣ ವಿದ್ಯುತ್ತಿದೆ. ಮೇಲಿನ ಋಣ ಪದರ ಅದನ್ನು ತಳ್ಳುತ್ತದೆ, ಕೆಳಗಿನ ಧನ ಪದರ ಎಳೆಯುತ್ತದೆ. ದಿಕ್ಕು ನೇರ ನೆಲದ ಕಡೆಗೆ. ಸಾಮಾನ್ಯ ಎಲೆಕ್ಟ್ರಾನ್ ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು ಹೊಡೆದು ವೇಗ ಕಳೆದುಕೊಳ್ಳುತ್ತದೆ. ಆದರೆ ಆಗಲೇ ಜೋರು ವೇಗದಲ್ಲಿರುವ ಎಲೆಕ್ಟ್ರಾನಿಗೆ ಗಾಳಿಯ ತಡೆ ಕಡಿಮೆಯಾಗುತ್ತಾ ಹೋಗುತ್ತದೆ. ತೇರನ್ನು ನಿಂತಲ್ಲಿಂದ ಕದಲಿಸುವುದು ಕಷ್ಟ, ಉರುಳಿತೆಂದರೆ ಎಳೆಯುವವರ ಕೈ ಹಗುರಾಗುತ್ತದಲ್ಲ, ಹಾಗೆ. ಇದನ್ನು ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್ 1920ರ ದಶಕದಲ್ಲೇ ಊಹಿಸಿದ್ದರು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಇಂಥ ವೇಗದ ಎಲೆಕ್ಟ್ರಾನುಗಳನ್ನು ಸದಾ ಒದಗಿಸುತ್ತಿರುತ್ತವೆ. ಒಂದು ಓಡುತ್ತಾ ದಾರಿಯಲ್ಲಿ ಇನ್ನೊಂದನ್ನು ಕಿತ್ತು ಓಡಿಸುತ್ತದೆ, ಅದು ಮತ್ತೊಂದನ್ನು. ಹಿಮಕುಸಿತದ ಹಾಗೆ ಹೆಚ್ಚುತ್ತಾ ಹೋಗುತ್ತದೆ. 1992ರಲ್ಲಿ ಗುರೆವಿಚ್ ಮತ್ತು ಸಂಗಡಿಗರು ಈ ಲೆಕ್ಕ ಕೊಟ್ಟರು. ಇದಕ್ಕೆ ಸಮುದ್ರ ಮಟ್ಟದ ಗಾಳಿಯಲ್ಲಿ ಮೀಟರಿಗೆ ಸುಮಾರು 2.8 ಲಕ್ಷ ವೋಲ್ಟ್ ಸಾಕು. ಕಿಡಿ ಹಾರಲು ಬೇಕಾದ 30 ಲಕ್ಷದ ಹತ್ತನೇ ಒಂದು ಭಾಗ ಮಾತ್ರ. ಅದಕ್ಕೇ ಸಿಡಿಲು ಹೊಡೆಯದೆಯೂ ಮೋಡ ನಿಮಿಷಗಟ್ಟಲೆ ಗಾಮಾ ಬೀರಬಲ್ಲದು. ಆ ಎಲೆಕ್ಟ್ರಾನುಗಳು ಗಾಳಿಯ ಪರಮಾಣುಗಳ ಹತ್ತಿರ ಹಾಯುವಾಗ ದಾರಿ ಬಾಗಿ, ಶಕ್ತಿಯನ್ನು ಗಾಮಾ ಕಿರಣವಾಗಿ ಎಸೆಯುತ್ತವೆ.

ಮೋಡಕ್ಕೆ ಅಷ್ಟು ವೋಲ್ಟೇಜ್ ಇರುತ್ತದಾ ಎಂದು ಅನುಮಾನ ಬರಬಹುದು. ನಮ್ಮ ಊಟಿಯಲ್ಲಿರುವ ಗ್ರೇಪ್ಸ್-3 ಪ್ರಯೋಗಶಾಲೆಯವರು 2014ರ ಡಿಸೆಂಬರ್ 1ರ ಒಂದು ಗುಡುಗು ಮೋಡದಲ್ಲಿ ಸುಮಾರು 130 ಕೋಟಿ ವೋಲ್ಟ್ ಇತ್ತು ಎಂದು ಕಾಸ್ಮಿಕ್ ಕಿರಣದಿಂದ ಹುಟ್ಟುವ ಮ್ಯೂಯಾನ್ ಎಂಬ ಕಣಗಳ ಎಣಿಕೆಯಿಂದ ಲೆಕ್ಕ ಹಾಕಿದ್ದಾರೆ. ಗ್ಲೋಗೆ ಅದರ ಸಣ್ಣ ಪಾಲು ಸಾಕು.

ಇಷ್ಟೂ ಬೇಸಿಗೆಯ ಮೋಡದಲ್ಲೂ ನಡೆಯುತ್ತದೆ. ವ್ಯತ್ಯಾಸ ಮೈನಸ್ 10 ಡಿಗ್ರಿಯ ಎತ್ತರದಲ್ಲಿ. ಬೇಸಿಗೆಯಲ್ಲಿ ಆ ಮಟ್ಟ ಐದು ಕಿಲೋಮೀಟರಿಗಿಂತಲೂ ಮೇಲಿರುತ್ತದೆ. ನಿಮ್ಮೂರಿನ ಜನವರಿಯಲ್ಲಿ ಒಂದೂವರೆ, ಎರಡು ಕಿಲೋಮೀಟರಿಗೆ ಇಳಿದಿರುತ್ತದೆ. ಮೋಡದ ತಳವಂತೂ ಕೆಲವೇ ನೂರು ಮೀಟರ್ ಮೇಲೆ. ಗಾಮಾ ಕಿರಣ ಗಾಳಿಯಲ್ಲಿ ಬಹಳ ದೂರ ಬರುವುದಿಲ್ಲ. 10 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಕಿರಣ ಕೂಡ ನೆಲಮಟ್ಟದ ಗಾಳಿಯಲ್ಲಿ ಸುಮಾರು 400 ಮೀಟರಿಗೆ ಮೂರನೇ ಒಂದು ಭಾಗದಷ್ಟಾಗುತ್ತದೆ. ಬೇಸಿಗೆಯ ಮೋಡದಿಂದ ಹೊರಟದ್ದು ದಾರಿಯಲ್ಲೇ ಮುಗಿದುಹೋಗುತ್ತದೆ. ಚಳಿಗಾಲದ್ದು ನಿಮ್ಮ ಬಾಲ್ಕನಿ ಮುಟ್ಟುತ್ತದೆ.

ಅಂದರೆ ಇದೆಲ್ಲ ಹದದ ಮಾತು. ಚಳಿಗಾಲದಲ್ಲಿ ಬೆಳಗ್ಗೆ ಎದ್ದ ಕೂಡಲೇ ನಾನು ನೋಡುತ್ತಿದ್ದದ್ದು ನಿಮ್ಮ ಇಶಿಕಾವಾ ಪ್ರಾಂತ್ಯದ್ದೇ ಆದ ವಾಜಿಮಾ ಊರಿನ ಬಲೂನಿನ ಅಂಕಿ. ಅಲ್ಲಿಂದ ದಿನಕ್ಕೆ ಎರಡು ಸಲ, ಬೆಳಗ್ಗೆ 9 ಮತ್ತು ರಾತ್ರಿ 9ಕ್ಕೆ, ಹವಾಮಾನ ಬಲೂನಿನ ಅಳತೆ ಬರುತ್ತದೆ. ಮೈನಸ್ 10 ಡಿಗ್ರಿ ಎಷ್ಟು ಎತ್ತರದಲ್ಲಿದೆ? 1.8 ಕಿಲೋಮೀಟರಿಗಿಂತ ಮೇಲಿದ್ದರೆ ಗುಡುಗು ಚುರುಕು. 1.4ಕ್ಕಿಂತ ಕೆಳಗಿಳಿದರೆ ಸಿಡಿಲು ಬಹುಮಟ್ಟಿಗೆ ನಿಂತೇ ಹೋಗುತ್ತದೆ, ಬರೀ ಹಿಮ. ವಿಪರೀತ ಚಳಿಯಲ್ಲಿ ಕಾಳುಗಳು ವಿದ್ಯುತ್ ಬೇರ್ಪಡಿಸುವಷ್ಟು ಹೊತ್ತು ಮೋಡದಲ್ಲಿ ನಿಲ್ಲದೆ ಕೆಳಗೆ ಬಿದ್ದುಬಿಡುತ್ತವೆ. ಶರತ್ಕಾಲದ ಹಾಗೆ ಆ ಮಟ್ಟ ತುಂಬ ಮೇಲಿದ್ದರೆ ಸಿಡಿಲು ಬೇಕಾದಷ್ಟು, ಗಾಮಾ ಮಾತ್ರ ನೆಲಕ್ಕೆ ಬರುವುದಿಲ್ಲ. ಇವೆರಡರ ನಡುವೆ ಬಂದ ದಿನ, ಜೊತೆಗೆ ಸಮುದ್ರದಿಂದ ಮೋಡದ ಸಾಲು ಬರುತ್ತಿದ್ದರೆ, ನಾವು ಆ ರಾತ್ರಿ ಮಲಗುತ್ತಿರಲಿಲ್ಲ.

ಎರಡೇ ನಿಮಿಷ ಯಾಕೆ ಅಂದರೆ, ಮೋಡ ನಿಂತಿರುವುದಿಲ್ಲ. ಗಾಮಾ ಬೀರುವ ಭಾಗದ ಅಗಲ ಒಂದು ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಗಾಳಿ ಅದನ್ನು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ದೂಡಿಕೊಂಡು ಹೋದರೆ ಒಂದು ನಿಮಿಷ ಚಿಲ್ಲರೆಯಲ್ಲಿ ನಿಮ್ಮ ಮನೆ ದಾಟುತ್ತದೆ. ಕನಾಜಾವಾ, ಕೊಮಾತ್ಸು ಊರುಗಳಲ್ಲಿ 2016ರ ಅಕ್ಟೋಬರಿನಿಂದ 2020ರ ಏಪ್ರಿಲ್‌ವರೆಗಿನ ನಾಲ್ಕು ಚಳಿಗಾಲದಲ್ಲಿ ಹತ್ತರವರೆಗೆ ಡಿಟೆಕ್ಟರ್ ಇಟ್ಟು 70 ಗ್ಲೋ ದಾಖಲಿಸಿದ್ದಾರೆ. ಸರಾಸರಿ ಅವಧಿ ಸುಮಾರು 59 ಸೆಕೆಂಡು. 77 ಶೇಕಡಾ ರಾತ್ರಿ ಹೊತ್ತು. ಕೆಲವು ಗ್ಲೋ ನಿಧಾನ ಏರಿ ನಿಧಾನ ಇಳಿದಿವೆ. ಕೆಲವು ನಿಮ್ಮದರಂತೆ ಸಿಡಿಲು ಹೊಡೆದ ಕ್ಷಣವೇ ನಿಂತಿವೆ. ಸಿಡಿಲು ಪದರಗಳ ವಿದ್ಯುತ್ತನ್ನು ಖಾಲಿ ಮಾಡುತ್ತದೆ. ತಳ್ಳುವವರೂ ಇಲ್ಲ, ಎಳೆಯುವವರೂ ಇಲ್ಲ. ಎಲೆಕ್ಟ್ರಾನಿನ ಓಟ ಅಲ್ಲಿಗೆ ನಿಲ್ಲುತ್ತದೆ. ನಿಮ್ಮ ಗುಂಪಿನವರು ಸಿಡಿಲಿನಿಂದ ವಿಕಿರಣ ಬಂತು ಎಂದರು. ನಿಮ್ಮ ಬಾಲ್ಕನಿಯಲ್ಲಿ ಆದದ್ದು ಅದರ ತಿರುಗುಮುರುಗು: ವಿಕಿರಣ ಮೊದಲೇ ಬರುತ್ತಿತ್ತು, ಸಿಡಿಲು ಅದನ್ನು ನಿಲ್ಲಿಸಿತು.

ಹಿಮಕ್ಕೆ ವಿಕಿರಣ ಹತ್ತುತ್ತದಾ?

ಈ ಮಾತಿನಲ್ಲಿ ಒಂದು ಎಳೆ ಸತ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಗ್ಲೋ ಅಲ್ಲದೆ ಇನ್ನೊಂದು ಬಗೆಯಿದೆ. ಸಿಡಿಲಿನ ಜೊತೆಯಲ್ಲೇ ಬರುವ ಗಾಮಾ ಮಿಂಚು. ಸೆಕೆಂಡಿನ ಸಾವಿರದ ಒಂದು ಭಾಗವೂ ಇರುವುದಿಲ್ಲ, ಆದರೆ ಬಹಳ ತೀವ್ರ. ಇದನ್ನು ಮೊದಲು ಕಂಡದ್ದು ಬಾಹ್ಯಾಕಾಶದಿಂದ. ಕಾಂಪ್ಟನ್ ಉಪಗ್ರಹ ಮೇಲಕ್ಕೆ ಬಂದ ಮಿಂಚುಗಳನ್ನು ಹಿಡಿದದ್ದು 1994ರಲ್ಲಿ ಪ್ರಕಟವಾಯಿತು. ಹೊಕುರಿಕು ಕರಾವಳಿಯಲ್ಲಿ ಅದು ಕೆಳಮುಖವಾಗಿಯೂ ಬರುತ್ತದೆ. 2017ರ ಫೆಬ್ರವರಿ 6ರ ಸಂಜೆ ಕಶಿವಾಜಾಕಿಯ ತೀರದಲ್ಲಿ ಸಿಡಿಲು ಹೊಡೆಯಿತು. ಅದರ ಗಾಮಾ ಕಿರಣ ಗಾಳಿಯ ಸಾರಜನಕ ಪರಮಾಣುವಿನಿಂದ ನ್ಯೂಟ್ರಾನನ್ನೇ ಕಿತ್ತು ಹಾಕಿತು. ಉಳಿದದ್ದು ಸಾರಜನಕ-13, ವಿಕಿರಣಶೀಲ ರೂಪ. ಅದು ಪಾಸಿಟ್ರಾನ್, ಅಂದರೆ ಧನ ವಿದ್ಯುತ್ತಿರುವ ಎಲೆಕ್ಟ್ರಾನಿನಂಥ ಕಣ, ಬಿಡುತ್ತದೆ. ಪಾಸಿಟ್ರಾನ್ ಎಲೆಕ್ಟ್ರಾನಿಗೆ ಸೇರಿ ಅಳಿದಾಗ 511 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಗೆರೆ ಬರುತ್ತದೆ. ಡಿಟೆಕ್ಟರಿನಲ್ಲಿ ಆ ಗೆರೆ ಸುಮಾರು ಒಂದು ನಿಮಿಷ ಕಂಡಿತು. ಸಿಡಿಲು ಪರಮಾಣು ಕ್ರಿಯೆ ನಡೆಸಬಲ್ಲದು ಎಂಬುದಕ್ಕೆ ಅದು ಖಚಿತ ಸಾಕ್ಷಿಯಾಯಿತು. ಆ ಗ್ರಾಫನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ಸುದ್ದಿ ಆಗ ಪತ್ರಿಕೆಗಳಲ್ಲೂ ಬಂತು. "ಸಿಡಿಲಿನಿಂದ ಪರಮಾಣು ಕ್ರಿಯೆ" ಎಂಬ ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಹಿಮ ಮುಟ್ಟಬೇಡಿ ಎಂಬಲ್ಲಿಗೆ ಬಂದು ನಿಂತಿರಬೇಕು. ಸಾರಜನಕ-13ರ ಅರ್ಧಾಯು 10 ನಿಮಿಷ. ಅದು ಇರುವುದು ಗಾಳಿಯಲ್ಲಿ, ಅದೂ ಅತಿ ಸಣ್ಣ ಪ್ರಮಾಣ, ಗಾಳಿಯೊಂದಿಗೆ ತೇಲಿ ಹೋಗುತ್ತದೆ. ಹಿಮದಲ್ಲಿ ಉಳಿಯುವಂಥದ್ದು ಏನೂ ಇಲ್ಲ. ಮಳೆಯ ಹಾಗೆ ಹಿಮವೂ ರೇಡಾನಿನ ಕಣ ತರುತ್ತದೆ, ಅದು ಗಂಟೆಗಳಲ್ಲಿ ಕಳೆದುಹೋಗುತ್ತದೆ. ಗುಡುಗು ನಿಂತ ಮೇಲೆ ಮಗಳು ಹಿಮದಲ್ಲಿ ಆಡಲಿ. ಕೈಗವಸು ಹಾಕಿ, ಚಳಿಗೆ.

ನೀವು ಏನು ಮಾಡಬಹುದು

ಹೆಂಡತಿಯನ್ನು ಊರಿಗೆ ಕಳಿಸುವ ವಿಚಾರ. ತವರಿನಲ್ಲಿ ಹೆರಿಗೆ ಆಗಲಿ ಎಂಬ ಆಸೆ ಇದ್ದರೆ ಕಳಿಸಿ, ಅದು ನಿಮ್ಮಿಬ್ಬರ ಇಷ್ಟ. ವಿಕಿರಣದ ಕಾರಣಕ್ಕೆ ಬೇಡ. ವಿಮಾನ ಹಾರುವ ಎತ್ತರದಲ್ಲಿ ಕಾಸ್ಮಿಕ್ ಕಿರಣದಿಂದ ಗಂಟೆಗೆ ಮೂರರಿಂದ ಐದು ಮೈಕ್ರೋಸೀವರ್ಟ್ ಬರುತ್ತದೆ. ಎಂಟೊಂಬತ್ತು ಗಂಟೆಯ ಪ್ರಯಾಣಕ್ಕೆ ಸುಮಾರು 30 ಅಂತಿಟ್ಟುಕೊಳ್ಳಿ. ಅದು ನಿಮ್ಮ ಬಾಲ್ಕನಿಯ ಆ ಎರಡು ನಿಮಿಷದ ಹತ್ತು ಸಾವಿರ ಪಟ್ಟಿಗೂ ಜಾಸ್ತಿ. ಗಾಬರಿಯಾಗಬೇಡಿ, ವಿಮಾನದ 30 ಕೂಡ ಅಪಾಯವಲ್ಲ. ಪ್ರಪಂಚದಲ್ಲಿ ಒಬ್ಬ ಮನುಷ್ಯನಿಗೆ ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್ ಬರುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ವೈದ್ಯರು ಚಿಂತೆ ಶುರುಮಾಡುವ ಮಟ್ಟ 100 ಮಿಲಿಸೀವರ್ಟ್, ಅಂದರೆ ಒಂದು ಲಕ್ಷ ಮೈಕ್ರೋಸೀವರ್ಟ್. ನಿಮ್ಮದು ಸೊನ್ನೆ ಬಿಂದು ಸೊನ್ನೆ ಸೊನ್ನೆ ಎರಡು. ಹೆಂಡತಿಗೆ ಆತಂಕ ಉಳಿದಿದ್ದರೆ ಮುಂದಿನ ತಪಾಸಣೆಯಲ್ಲಿ ಈ ಅಂಕಿಗಳನ್ನು ವೈದ್ಯರಿಗೆ ತೋರಿಸಿ, ಅವರ ಬಾಯಿಂದಲೇ ಕೇಳಲಿ.

ವಿಮಾನ ಅಂದಾಗ ಇನ್ನೊಂದು ಮಾತು. ಗುಡುಗು ಮೋಡದೊಳಗಿನ ಗಾಮಾ ಮಿಂಚಿನ ಎಲೆಕ್ಟ್ರಾನ್ ಹೊಳೆಗೇ ವಿಮಾನ ಸಿಕ್ಕಿದರೆ ದೊಡ್ಡ ಪ್ರಮಾಣ ತಗಲಬಹುದು ಎಂಬ ಲೆಕ್ಕಾಚಾರವಿದೆ. ಅದು ಲೆಕ್ಕ, ಅಳತೆಯಲ್ಲ. 2009ರಲ್ಲಿ ಅಮೆರಿಕದಲ್ಲಿ ಡಿಟೆಕ್ಟರ್ ಹೊತ್ತ ವಿಮಾನವೊಂದು 1,213 ಸಿಡಿಲುಗಳ ಹತ್ತಿರ ಹಾರಿ ಹಿಡಿದದ್ದು ಒಂದೇ ಒಂದು ಗಾಮಾ ಮಿಂಚು. ಪೈಲಟ್‌ಗಳು ಹೇಗೂ ಗುಡುಗು ಮೋಡವನ್ನು ಸುತ್ತು ಹಾಕಿ ಹೋಗುತ್ತಾರೆ. ಇದಕ್ಕಾಗಿ ಟಿಕೆಟ್ ರದ್ದು ಮಾಡುವ ಅಗತ್ಯ ಇಲ್ಲ.

ನನಗೆ ನಿಮ್ಮ ಪತ್ರದಲ್ಲಿ ಭಯವಾದದ್ದು ಬೇರೆ ಕಡೆ. ರಾತ್ರಿ ಎರಡು ಗಂಟೆಗೆ, ಅರಾರೆ ಉದುರುವಾಗ, ಏಳನೇ ಮಹಡಿಯ ಬಾಲ್ಕನಿಯಲ್ಲಿರುವ ಮೀಟರ್. ನೀವು ಅದನ್ನು ನೋಡಲು ಹೊರಗೆ ಹೋಗಿದ್ದಿರಾ? ಇಡೀ ಪ್ರಕರಣದಲ್ಲಿ ಜೀವಕ್ಕೆ ಅಪಾಯ ಇದ್ದದ್ದು ಅದೊಂದೇ. ಚಳಿಗಾಲದ ಸಿಡಿಲು ಸಂಖ್ಯೆಯಲ್ಲಿ ಕಡಿಮೆ, ಆದರೆ ಸ್ವಭಾವದಲ್ಲಿ ಬಹಳ ಒರಟು. ಬೇಸಿಗೆಯಲ್ಲಿ ದೂರದ ಗುಡುಗು ಹತ್ತಿರ ಬರುತ್ತಾ ಎಚ್ಚರಿಸುತ್ತದೆ. ಇಲ್ಲಿ ಹಾಗಿಲ್ಲ. ಮೊದಲ ಸಿಡಿಲೇ ಕೊನೆಯ ಸಿಡಿಲು, ಅದೂ ನಿಮ್ಮ ತಲೆಯ ಮೇಲೆ. ಅಲ್ಲಿನವರು ಅದಕ್ಕೆ ಇಪ್ಪಾತ್ಸು-ರಾಯ್, ಒಂದೇ ಏಟಿನ ಸಿಡಿಲು, ಎನ್ನುತ್ತಾರೆ. ಧನ ವಿದ್ಯುತ್ ಇಳಿಸುವ ಸಿಡಿಲಿನ ಪಾಲು ಬೇಸಿಗೆಗಿಂತ ಜಾಸ್ತಿ, ಸುಮಾರು ಮೂರರಲ್ಲಿ ಒಂದು. ಬೇಸಿಗೆಯ ಸಿಡಿಲು ಸಾಮಾನ್ಯವಾಗಿ ಕೆಲವು ಹತ್ತು ಕೂಲಂಬ್ (ವಿದ್ಯುತ್ತಿನ ಪ್ರಮಾಣದ ಅಳತೆ) ವಿದ್ಯುತ್ ಇಳಿಸಿದರೆ, ಚಳಿಗಾಲದ ಕೆಲವು 300 ಕೂಲಂಬ್ ದಾಟುತ್ತವೆ. ಕರಾವಳಿಯ ಗಾಳಿಯಂತ್ರಗಳ ರೆಕ್ಕೆ ಸೀಳಿಹೋಗುವುದು ಇಂಥವುಗಳಿಂದಲೇ. ಮೋಡ ಅಷ್ಟು ತಗ್ಗಿನಲ್ಲಿರುವುದರಿಂದ ಎತ್ತರದ ಕಟ್ಟಡ, ಗೋಪುರಗಳಿಂದ ಸಿಡಿಲು ಮೇಲ್ಮುಖವಾಗಿಯೂ ಹೊರಡುತ್ತದೆ. ಗಾಮಾ ಕಿರಣವನ್ನು ನಿಮ್ಮ ಮನೆಗೆ ತಲುಪಿಸಿದ ಅದೇ ತಗ್ಗು ಮೋಡ ಸಿಡಿಲನ್ನೂ ಹತ್ತಿರ ತರುತ್ತದೆ.

ಹಾಗಾಗಿ ನಿಯಮ ಸರಳ. ಚಳಿಗಾಲದಲ್ಲಿ ಅರಾರೆ ಪಟಪಟ ಬೀಳಲು ಶುರುವಾದರೆ, ಗುಡುಗು ಕೇಳದಿದ್ದರೂ ಒಳಗೆ ಬನ್ನಿ. ಕಬ್ಬಿಣದ ಕಂಬಿ ಹಿಡಿದು ನಿಲ್ಲಬೇಡಿ. ಗುಡುಗಿದ ಮೇಲೆ ಅರ್ಧ ಗಂಟೆ ಹೊರಗೆ ಬೇಡ. ಆ ಹೊತ್ತಿನಲ್ಲಿ ಸ್ನಾನ ಮುಂದಕ್ಕೆ ಹಾಕಿ, ಚಾರ್ಜಿಗೆ ಹಾಕಿದ ಫೋನನ್ನು ಕೈಯಲ್ಲಿ ಹಿಡಿಯಬೇಡಿ.

ಮೀಟರ್ ಬಿಸಾಡಬೇಕಾ? ಬೇಡ. ಇಟ್ಟುಕೊಳ್ಳುವುದರಿಂದ ಆಗುವ ತೊಂದರೆ ಒಂದೇ, ಪ್ರತಿ ಏರಿಕೆಗೂ ಮನೆಯವರ ನಿದ್ದೆ ಕೆಡುವುದು. ಅದಕ್ಕೆ ಮದ್ದು ಗೆರೆಯ ಆಕಾರ ಓದುವುದನ್ನು ಕಲಿಯುವುದು. ಅನುಮಾನ ಬಂದರೆ ಪ್ರಾಂತ್ಯದ ಮಾಪನ ಕೇಂದ್ರಗಳ ಅಂಕಿ ಸಾರ್ವಜನಿಕವಾಗಿಯೇ ಸಿಗುತ್ತದೆ, ಪಕ್ಕದ ನಾಲ್ಕು ಕೇಂದ್ರಗಳೊಂದಿಗೆ ಹೋಲಿಸಿ. ಒಂದರ ನಂತರ ಒಂದು, ಗಾಳಿಯ ದಿಕ್ಕಿನಲ್ಲಿ, ನಿಮಿಷಗಳ ಅಂತರದಲ್ಲಿ ಏರಿ ಇಳಿದಿದ್ದರೆ ಅದು ಮೋಡ. ಎಲ್ಲವೂ ಮಳೆಯ ಜೊತೆ ಏರಿದ್ದರೆ ರೇಡಾನ್. ಎಲ್ಲೆಡೆ ಏರಿ, ಮಳೆಯಿಲ್ಲದೆಯೂ ಇಳಿಯದಿದ್ದರೆ ಆಗ ಸರ್ಕಾರದ ಸೂಚನೆ ನೋಡಿ. ಗಾಮಾ ಏರಿದೆ ಎಂದರೆ ಸಿಡಿಲು ಬಂದೇ ಬರುತ್ತದೆ ಎಂದು ನಂಬಬೇಡಿ, ಏರಲಿಲ್ಲ ಎಂದು ಧೈರ್ಯ ಮಾಡಿ ಹೊರಗೆ ನಿಲ್ಲುವುದಂತೂ ಬೇಡವೇ ಬೇಡ. ಎಷ್ಟೋ ಗ್ಲೋ ಸಿಡಿಲಿಲ್ಲದೆ ಹಾದುಹೋಗುತ್ತವೆ, ಎಷ್ಟೋ ಸಿಡಿಲು ಗ್ಲೋ ಇಲ್ಲದೆ ಹೊಡೆಯುತ್ತವೆ.

ನಿಮ್ಮಂಥ ಮನೆಗಳಿಂದ ವಿಜ್ಞಾನಕ್ಕೆ ಉಪಯೋಗವೂ ಇದೆ. ಕನಾಜಾವಾದಲ್ಲೇ ಸಾಮಾನ್ಯ ಜನರ ಮನೆಗಳಲ್ಲಿ ಕೊಗಾಮೊ ಎಂಬ ಪುಟ್ಟ ಗಾಮಾ ಡಿಟೆಕ್ಟರ್ ಇಟ್ಟು ಮೋಡಗಳನ್ನು ಹಿಂಬಾಲಿಸುವ ಯೋಜನೆ ನಡೆದಿದೆ. ಅದು ಶಕ್ತಿಯನ್ನೂ ಅಳೆಯುತ್ತದೆ. ಆಸಕ್ತಿ ಇದ್ದರೆ ವಿಚಾರಿಸಿ. ಅಲ್ಲಿಯವರೆಗೆ ನಿಮ್ಮ ಫೋನಿನ ಆ ರಾತ್ರಿಯ ದಾಖಲೆ ಅಳಿಸಬೇಡಿ. ಅರಾರೆ ಶುರುವಾದ ಹೊತ್ತು, ಸಿಡಿಲಿನ ಹೊತ್ತು ನೆನಪಿರುವಾಗಲೇ ಬರೆದಿಡಿ. ಮತ್ತೆ ಇವತ್ತೇ ಮೀಟರನ್ನು ಬಾಲ್ಕನಿಯಿಂದ ತೆಗೆದು ಕಿಟಕಿಯ ಗಾಜಿನ ಒಳಬದಿಗೆ ಇಡಿ. ಗಾಮಾ ಕಿರಣಕ್ಕೆ ಗಾಜು ಅಡ್ಡಿಯೇ ಅಲ್ಲ, ಎಣಿಕೆ ಹಾಗೇ ಬರುತ್ತದೆ.